ಬೆಳೆದರೆ ಬಿಸಾಡು

“ಇದನ್ನು ಯಾಕೆ ಬಿಸಾಡ್ಲಿಲ್ಲ ನೀನು?”

ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ನಿರೀಕ್ಷಾ ಹಾಗೆ ಕೇಳಿದಾಗ ಸುಜಿತ್ ಇನ್‌ಕ್ಯುಬೇಟರಿನ ಬಾಗಿಲಿಗೆ ಒಣಗಿ ಅಂಟಿದ್ದ ಗಂಧವನ್ನು ಸ್ಪಿರಿಟ್ ಬಟ್ಟೆಯಿಂದ ಉಜ್ಜುತ್ತಿದ್ದ. ಆಯುಧಪೂಜೆಗೆ ಲ್ಯಾಬಿನ ಒಂದೊಂದು ಯಂತ್ರಕ್ಕೂ ಗಂಧ, ಕುಂಕುಮ, ಸೇವಂತಿಗೆ. ಲ್ಯಾಬಿನ ಮುಖ್ಯಸ್ಥ ಮೋಹನದಾಸ್ ಸರ್ ಪ್ರತಿವರ್ಷ ತಾವೇ ಹಚ್ಚುತ್ತಾರೆ. ಕರ್ಪೂರ ಮಾತ್ರ ಹೊರಗೆ, ಕಾರಿಡಾರಿನಲ್ಲಿ. ಒಳಗೆ ಹಚ್ಚಿದರೆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆ. ಪೂಜೆಯ ಮುಂಚಿನ ದಿನ ಕ್ಯಾನ್ಸರ್ ಕೋಶ ಬೆಳೆಸಿದ ಹಳೆಯ ತಟ್ಟೆಗಳನ್ನೆಲ್ಲ ಬ್ಲೀಚಿನಲ್ಲಿ ಮುಳುಗಿಸಿ ಬಿಸಾಡಿ, ಒಳಗೆಲ್ಲ ಒರೆಸಿಡುವುದು ಸುಜಿತ್‌ನ ಕೆಲಸ. ಈ ಸಲ ಅವನು ಮಾಡಿರಲಿಲ್ಲ. ಪೂಜೆ, ವಿಜಯದಶಮಿ, ಅದರ ಬೆನ್ನಿಗೇ ಆದಿತ್ಯವಾರ ಎಂದು ಲ್ಯಾಬು ಬಾಗಿಲು ಹಾಕಿಕೊಂಡಿದ್ದಾಗ ತಟ್ಟೆಗಳು ಒಳಗಿನ ಬೆಚ್ಚಗಿನ ಕತ್ತಲೆಯಲ್ಲಿ ಹಾಗೇ ಉಳಿದಿದ್ದವು.

“ಆ ದಿನ ಅಮ್ಮನ ಸ್ಲೈಡಿನ ರಿಪೋರ್ಟ್ ಇತ್ತು ಮೇಡಂ. ಆಸ್ಪತ್ರೆಗೆ ಹೋದವ ಮತ್ತೆ ಈಚೆ ಬರ್ಲಿಲ್ಲ.”

“ಎಂತ ಬಂತು?”

“ಬಿಳಿ.”

ನಿರೀಕ್ಷಾ ಮತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸುಜಿತ್‌ಗೆ ಅನಿಸಿತು. ಯಾರಾದರೂ ಬೈದರೆ ತಿರುಗಿ ಬೈಯಬಹುದು. ರಜೆಯುದ್ದಕ್ಕೂ ಅವನು ಅದಕ್ಕೇ ಕಾದಿದ್ದ, ಒಬ್ಬನೂ ಸಿಕ್ಕಿರಲಿಲ್ಲ.

ಲ್ಯಾಬು ಮತ್ತು ಅದರ ಮುಂದಿನ ಆಸ್ಪತ್ರೆ ಒಂದೇ ಕಾಲೇಜಿನವು. ಪಿಯುಸಿ ಅರ್ಧಕ್ಕೆ ಬಿಟ್ಟ ಸುಜಿತ್ ಬಾಟಲಿ ತೊಳೆಯಲು, ತಟ್ಟೆ ಬಿಸಾಡಲು ಇಲ್ಲಿ ಸೇರಿ ಕೆಲವು ವರ್ಷಗಳಾಗಿದ್ದವು. ಅವನಮ್ಮ ಗುಲಾಬಿ ಜೆಪ್ಪಿನಲ್ಲಿ ಒಬ್ಬರ ಮನೆಯ ಹಿಂದಿನ ಶೆಡ್ಡಿನಲ್ಲಿ ಕೋರಿರೊಟ್ಟಿ, ಕೋಳಿಸಾರಿನ ಜೊತೆ ತಿನ್ನುವ ಗರಿಗರಿ ಅಕ್ಕಿರೊಟ್ಟಿ, ಮಾಡುವ ಕೆಲಸಕ್ಕಿದ್ದಳು. ಅಂಡಾಶಯದಲ್ಲಿ ಗಡ್ಡೆ ಬಂತು. ಕೊಯ್ದು ತೆಗೆದರು, ಕಿಮೋ ಕೊಟ್ಟರು. ಹೋದ ಕೂದಲು ಬಂತು, ಕೂದಲಿನ ಹಿಂದೆಯೇ ಗಡ್ಡೆಯೂ ಬಂತು. ಇನ್ನು ಕೊಡುವಂಥ ಮದ್ದಿಲ್ಲ ಎಂದರು. ಉಳಿದದ್ದು ಒಂದೇ: ಮೋಹನದಾಸ್ ಸರ್ ಅರ್ಧ ಆಯುಷ್ಯ ಹಾಕಿ ಮಾಡಿದ ಎಂ-ಫೋರ್ ಎಂಬ ಹೊಸ ಮದ್ದು. ಕ್ರಿಸ್‌ಮಸ್ ಕಳೆದ ಮೇಲೆ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟು ನೋಡುವುದೆಂದು ನಿಶ್ಚಯವಾಗಿತ್ತು.

ಆದರೆ ಎಲ್ಲರಿಗೂ ಅಲ್ಲ. ಕೋಶದೊಳಗೆ ಒಂದು ಪ್ರೋಟೀನ್ ಇದೆ. ಅದರ ಉದ್ದ ಹೆಸರಿನ ಕೊನೆಗೆ ಹದಿನೇಳು ಎಂಬ ಅಂಕಿ ಇರುವುದರಿಂದ ಲ್ಯಾಬಿನಲ್ಲಿ ಎಲ್ಲರೂ ಸೆವೆಂಟೀನ್ ಎನ್ನುತ್ತಾರೆ. ಕ್ಯಾನ್ಸರ್ ಕೋಶ ಬೆಳೆಯಬೇಕಾದರೆ ಸೆವೆಂಟೀನ್ ಬೇಕು. ಎಂ-ಫೋರ್ ಹೋಗಿ ಅದನ್ನು ಹಿಡಿದು ಕೂರುತ್ತದೆ. ಕೋಶ ಬೆಳೆಯಲಾರದೆ ಸಾಯುತ್ತದೆ. ಸರ್ ಹೇಳುವುದು ಇಷ್ಟೇ, ಊರೂರಿನ ಸಭೆಗಳಲ್ಲಿ ಅವರು ಹೇಳಿಕೊಂಡು ಬಂದದ್ದೂ ಇಷ್ಟೇ. ಹಾಗಾಗಿ ಯಾರ ಗಡ್ಡೆಯಲ್ಲಿ ಸೆವೆಂಟೀನ್ ಇದೆಯೋ ಅವರಿಗೆ ಮಾತ್ರ ಮದ್ದು. ಗಡ್ಡೆಯ ಚೂರನ್ನು ಸ್ಲೈಡಿಗೆ ಹಾಕಿ ಬಣ್ಣ ಹಿಡಿಸುತ್ತಾರೆ. ಸೆವೆಂಟೀನ್ ಇದ್ದರೆ ಕಂದು, ಇಲ್ಲದಿದ್ದರೆ ಬಿಳಿ. ಬಿಳಿ ಬಂದವರು ಮನೆಗೆ ಹೋಗಬಹುದು.

ಆ ದಿನ ಆಸ್ಪತ್ರೆಯ ಬೆಂಚಿನಲ್ಲಿ ಗುಲಾಬಿಯ ಪಕ್ಕದಲ್ಲಿ ಕೂಳೂರಿನಿಂದ ಬಂದ ಮುಮ್ತಾಝ್ ಎಂಬ ಹೆಂಗಸು ಕೂತಿದ್ದಳು. ಅವಳದ್ದೂ ಅದೇ ಕಾಯಿಲೆ, ಅವಳದ್ದೂ ಅದೇ ದಿನ ರಿಪೋರ್ಟು. ಕಂದು ಬಂತು. ಅವಳು ಅಲ್ಲಿಂದಲೇ ದುಬಾಯಿಯ ಮಗನಿಗೆ ಫೋನ್ ಹಚ್ಚಿ, ಕ್ರಿಸ್‌ಮಸ್ ಆದ ಕೂಡಲೇ ಅಡ್ಮಿಟ್ ಆಗಲಿಕ್ಕೆ ಹೇಳಿದ್ದಾರೆಂದು ಕಾರಿಡಾರಿಗೆಲ್ಲ ಕೇಳುವಂತೆ ಹೇಳಿದಳು. ಆಮೇಲೆ ಗುಲಾಬಿಯ ಕೈಹಿಡಿದು ಏನೋ ಮಾತಾಡಿದಳು. ಗುಲಾಬಿ ನಕ್ಕು, ಒಳ್ಳೆದಾಯ್ತು ಎಂದಳು. ಸುಜಿತ್‌ಗೆ ಆ ಹೆಂಗಸಿನ ಗಟ್ಟಿ ದನಿಯನ್ನೂ ಸಹಿಸಲಾಗಲಿಲ್ಲ, ಅಮ್ಮನ ನಗುವನ್ನೂ ಸಹಿಸಲಾಗಲಿಲ್ಲ.

ಬಿಸಾಡದೆ ಉಳಿದ ತಟ್ಟೆಗಳು ಗುಳಿಯಪ್ಪದ ಕಾವಲಿಯ ಹಾಗೆ ಸಣ್ಣ ಸಣ್ಣ ಗುಳಿಗಳಿದ್ದಂಥವು. ಕೋಶದಲ್ಲಿ ಸೆವೆಂಟೀನ್ ತಯಾರಿಸುವ ಜೀನಿಗೆ ಕತ್ತರಿ ಹಾಕಿ, ಗುಳಿಗೊಂದರಂತೆ ಕೋಶ ಬಿಟ್ಟು ಕಾಯುವುದು. ಹೆಚ್ಚಿನ ಗುಳಿಗಳು ಖಾಲಿಯೇ ಉಳಿಯುತ್ತವೆ. ಜೀನ್ ಕತ್ತರಿಸಿ ಹೋಯಿತು, ಸೆವೆಂಟೀನ್ ಇಲ್ಲ, ಕೋಶ ಸತ್ತಿತು. ಕೆಲವು ಗುಳಿಗಳಲ್ಲಿ ಬೆಳೆಯುತ್ತವೆ. ಅಲ್ಲಿ ಕತ್ತರಿ ಸರಿಯಾಗಿ ಬಿದ್ದಿಲ್ಲ ಎಂದು ಅರ್ಥ. ಸತ್ತದ್ದನ್ನು ಎಣಿಸಿಕೊಂಡು, ಬೆಳೆದದ್ದನ್ನು ಬಿಸಾಡುವುದು ಈ ಲ್ಯಾಬಿನ ಪದ್ಧತಿ. ಎಷ್ಟೋ ಮಂದಿ ವಿದ್ಯಾರ್ಥಿಗಳು ಬಂದು ಹೋದರು, ತುಷಾರ್ ಎಂಬವನು ಸತ್ತ ಗುಳಿಗಳನ್ನು ಎಣಿಸಿಯೇ ಡಾಕ್ಟರೇಟ್ ತೆಗೆದುಕೊಂಡು ಹೈದರಾಬಾದಿಗೆ ಹೋದ. ಬೆಳೆದದ್ದೆಲ್ಲ ಸುಜಿತ್‌ನ ಬಕೆಟ್ಟಿಗೆ ಬಂತು. ಅದನ್ನು ತಿರುಗಿ ನೋಡಿದವರು ಒಬ್ಬರೂ ಇಲ್ಲ.

ನಿರೀಕ್ಷಾ ಕೂಡ ನೋಡುತ್ತಿರಲಿಲ್ಲ. ಆದರೆ ರಜೆಯಲ್ಲಿ ಅವಳ ಒಳ್ಳೆಯ ಕೋಶಗಳ ಬಾಟಲಿಗೆ ಬೂಷ್ಟು ಹಿಡಿದಿತ್ತು. ಹೋಲಿಸಿ ನೋಡಲು ಕತ್ತರಿ ಬೀಳದ ಕೋಶ ಬೇಕಿತ್ತು. ಹೊಸತು ಬೆಳೆಸಲು ಸಮಯ ಹಿಡಿಯುತ್ತದೆ. ಗುಳಿಯಲ್ಲಿ ಬೆಳೆದದ್ದು ಹೇಗೂ ಕತ್ತರಿ ಬೀಳದ್ದು, ಬಿಸಾಡುವ ಬದಲು ಇದನ್ನೇ ತೆಗೆದುಕೊಳ್ಳೋಣ ಎಂದುಕೊಂಡಳು. ಅವಳಿಗೆ ಬೇಕಾದದ್ದು ಅಷ್ಟೇ.

ಕೆಲವು ಕೋಶಗಳನ್ನು ಒಡೆದು, ರಸವನ್ನು ಒಂದು ಹಾಳೆಗೆ ಇಳಿಸಿ ಬಣ್ಣ ಹಿಡಿಸಿದರೆ ಸೆವೆಂಟೀನ್ ಇದ್ದಲ್ಲಿ ಕಪ್ಪು ಗೆರೆ ಬೀಳುತ್ತದೆ. ಗೆರೆ ಬೀಳಲಿಲ್ಲ. ಅವಳು ತನ್ನದೇ ತಪ್ಪು ಎಂದುಕೊಂಡು ಇನ್ನೊಮ್ಮೆ ಮಾಡಿದಳು. ಉಳಿದ ಪ್ರೋಟೀನುಗಳ ಗೆರೆಗಳೆಲ್ಲ ಸರಿಯಾಗಿದ್ದವು, ಸೆವೆಂಟೀನ್ ಇರಬೇಕಾದ ಜಾಗ ಮಾತ್ರ ಖಾಲಿ. ಹಾಗಾದರೆ ಕತ್ತರಿ ಸರಿಯಾಗಿಯೇ ಬಿದ್ದಿದೆ. ಕೋಶದಲ್ಲಿ ಸೆವೆಂಟೀನ್ ಇಲ್ಲ. ಆದರೂ ಅದು ಗುಳಿ ತುಂಬ ಬೆಳೆದು ಕೂತಿದೆ.

ಅವಳು ಸ್ಟೂಲಿನ ಮೇಲೆ ಕೂತು ತುಷಾರ್‌ಗೆ ಫೋನ್ ಮಾಡಿದಳು. ಪಕ್ಕದ ಸಿಂಕಿನಲ್ಲಿ ಬಾಟಲಿ ತೊಳೆಯುತ್ತಿದ್ದ ಸುಜಿತ್‌ಗೆ ಸ್ಪೀಕರಿನಲ್ಲಿ ಎಲ್ಲ ಕೇಳಿಸಿತು. ಬೆಳೆದ ಗುಳಿಗಳನ್ನು ನೀನು ಯಾವತ್ತಾದರೂ ನೋಡಿದ್ದುಂಟಾ ಎಂದು ಅವಳು ಕೇಳಿದಳು.

“ಬೆಳೆದದ್ದನ್ನು ನೋಡ್ಲಿಕ್ಕೆ ಯಾರಿಗೆ ಪುರುಸೊತ್ತು ಮಾರಾಯ್ತಿ?” ಎಂದು ತುಷಾರ್ ನಕ್ಕ. ಅವಳು ಗೆರೆಯ ವಿಷಯ ಹೇಳಿದ ಮೇಲೆ ನಗಲಿಲ್ಲ. ಸರ್‌ಗೆ ಹೇಳಿದ್ದೀಯಾ ಎಂದು ಕೇಳಿದ. ಇಲ್ಲ ಎಂದಳು. ತನ್ನ ಹೆಸರು ಹೇಳಬೇಡ ಎಂದ.

ಆ ವಾರವೇ ಅವಳು ಆ ಕೋಶಗಳಿಗೆ ಎಂ-ಫೋರ್ ಹಾಕಿದಳು. ಸೆವೆಂಟೀನ್ ಇದ್ದ ಕೋಶಗಳು ಸತ್ತಷ್ಟೇ ಸಲೀಸಾಗಿ, ಅಷ್ಟೇ ಮದ್ದಿಗೆ, ಸೆವೆಂಟೀನ್ ಇಲ್ಲದವೂ ಸತ್ತವು. ಹಿಡಿಯುವುದಕ್ಕೆ ಸೆವೆಂಟೀನೇ ಇಲ್ಲದಾಗ ಎಂ-ಫೋರ್ ಏನನ್ನು ಹಿಡಿದು ಕೊಂದಿತು? ಅವಳು ಅದನ್ನು ಯೋಚಿಸುತ್ತಿದ್ದಳು. ಸುಜಿತ್ ಯೋಚಿಸಿದ್ದು ಬೇರೆ. ಅವನು ಕೈ ಒರೆಸಿಕೊಂಡು ಅವಳೆದುರು ಬಂದು ನಿಂತ.

“ಸೆವೆಂಟೀನ್ ಇಲ್ಲದ್ದೂ ಸಾಯ್ತದಲ್ಲ ಮೇಡಂ. ಹಾಗಾದ್ರೆ ಅಮ್ಮನದ್ದೂ ಸಾಯ್ತದೆ.”

“ತಟ್ಟೆಯಲ್ಲಿ ಸತ್ತದ್ದು ಅದು.”

“ಆ ಕಂದು ಬಂದವರಿಗೆ ಕೊಡುವುದೂ ತಟ್ಟೆಯಲ್ಲಿ ಸತ್ತದ್ದನ್ನು ನೋಡಿಯೇ ಅಲ್ವಾ?”

ನಿರೀಕ್ಷಾ ತಟ್ಟೆಗೆ ಮುಚ್ಚಳ ಹಾಕಿದಳು. ಸರ್ ಜೊತೆ ಮಾತಾಡುವವರೆಗೆ ಯಾರಿಗೂ ಹೇಳಬೇಡ ಎಂದಳು. ಅವಳಪ್ಪನಿಗೆ ಕೊಡಿಯಾಲ್‌ಬೈಲಿನಲ್ಲಿ ಹೋಟೆಲಿತ್ತು. ಥೀಸಿಸ್ ಕೆಟ್ಟರೂ ಹೋಗಿ ಗಲ್ಲೆಯಲ್ಲಿ ಕೂರಬಹುದು, ತನ್ನ ಅಮ್ಮ ಎಲ್ಲಿ ಹೋಗಿ ಕೂರಬೇಕು ಎಂದು ಸುಜಿತ್‌ಗೆ ಅನಿಸಿತು.

ಮೋಹನದಾಸ್ ಸರ್ ಮೊದಲು ಹಾಳೆಯನ್ನೇ ನೋಡಲಿಲ್ಲ. “ಬೆಳೆದಿದೆ ಅಂದ್ರೆ ಕಟ್ ಆಗ್ಲಿಲ್ಲ ಅಂತ ಅರ್ಥ. ಅದರಲ್ಲಿ ಮತ್ತೆ ಎಂತ ನೋಡುವುದು?” ಎಂದರು. ನಿರೀಕ್ಷಾ ಹಾಳೆಯನ್ನು ಮೇಜಿನ ಮೇಲಿಟ್ಟಳು. ಖಾಲಿ ಗುಳಿಗಳಿಗೆ ಕಾರಣವನ್ನೂ ಅವಳು ಹುಡುಕಿಟ್ಟಿದ್ದಳು: ಜೀನಿಗೆ ಕೈಯೇ ಹಚ್ಚದ ಕೋಶಗಳನ್ನು ಒಂದೊಂದಾಗಿ ಗುಳಿಗೆ ಬಿಟ್ಟರೂ ಹೆಚ್ಚಿನವು ಸಾಯುತ್ತವೆ, ಒಂಟಿಯಾಗಿ ಬದುಕಲು ಅವಕ್ಕೆ ಆಗುವುದಿಲ್ಲ. ಇಷ್ಟು ವರ್ಷ ಎಣಿಸಿದ್ದು ಆ ಸಾವುಗಳನ್ನು. ಸರ್ ಕನ್ನಡಕ ಹಾಕಿಕೊಂಡು ಹಾಳೆ ನೋಡಿದರು, ತೆಗೆದು ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಚಹಾ ತಂದಿಟ್ಟ ಸುಜಿತ್‌ನನ್ನು ಹೊರಗೆ ಹೋಗು ಎನ್ನಲೂ ಅವರಿಗೆ ನೆನಪಾಗಲಿಲ್ಲ.

“ನಾನೇ ಮಾಡಿ ನೋಡ್ತೇನೆ,” ಎಂದರು.

ಸರ್ ಬೆಂಚಿನೆದುರು ಕೂತು ಕೆಲಸ ಮಾಡಿದ್ದನ್ನು ಸುಜಿತ್ ಕಂಡೇ ಇರಲಿಲ್ಲ. ಗ್ಲೌಸಿನ ಸೈಜು ಅವರಿಗೆ ಮರೆತುಹೋಗಿತ್ತು. ಪಿಪೆಟ್ಟಿನ ಹೊಸ ಮಾದರಿಯ ಗುಂಡಿ ಯಾವ ಕಡೆ ತಿರುಗಿಸುವುದೆಂದು ನಿರೀಕ್ಷಾಳನ್ನು ಕೇಳಬೇಕಾಯಿತು. ಆದರೂ ಮೊದಲಿನಿಂದ, ಕತ್ತರಿ ಹಾಕುವಲ್ಲಿಂದ, ಅವಳಿಗೆ ಮುಟ್ಟಲು ಬಿಡದೆ ತಾವೇ ಮಾಡಿದರು. ಗುಳಿಗಳಲ್ಲಿ ಕೋಶ ಬೆಳೆಯಲು ವಾರಗಳು ಬೇಕು. ಕ್ರಿಸ್‌ಮಸ್ ಹತ್ತಿರ ಬರುತ್ತಿತ್ತು. ಟ್ರಯಲ್‌ನ ಕೆಲಸ ನೋಡಿಕೊಳ್ಳುವ ಹೇಮಾಕ್ಷಿ ಮೇಡಂ ಎರಡು ಮಹಡಿ ಇಳಿದು ಬಂದು ಅಡ್ಮಿಷನ್ ತಾರೀಕು ಕೇಳಿಹೋದರು. ಆಮೇಲೆ ಹೇಳುತ್ತೇನೆಂದು ಸರ್ ತಲೆಯೆತ್ತದೆ ಹೇಳಿದರು.

ಬೆಳೆದದ್ದನ್ನು ಇಷ್ಟು ವರ್ಷ ಬಕೆಟ್ಟಿಗೆ ಸುರಿದವನು ಈಗ ಬೆಳೆಯಲೆಂದು ಕಾಯತೊಡಗಿದ. ಬೆಳಿಗ್ಗೆ ಬಂದವನೇ ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಲು ನಿರೀಕ್ಷಾಳ ಹತ್ತಿರ ಹೇಳುತ್ತಿದ್ದ. ಅವಳು ಬೆಳೆದಿದೆ ಎಂದ ದಿನ ಮಧ್ಯಾಹ್ನ ಚೆನ್ನಾಗಿ ಊಟ ಮಾಡುತ್ತಿದ್ದ. ಮನೆಯಲ್ಲಿ ಗುಲಾಬಿಯ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಕಾಲು ಊದಿತ್ತು. ಆದರೂ ರೊಟ್ಟಿಯ ಶೆಡ್ಡಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಕೂತು ಅಕ್ಕಿ ರುಬ್ಬುವಷ್ಟು ಆಗುತ್ತದೆ ಎನ್ನುತ್ತಿದ್ದಳು. ಸುಜಿತ್ ಅವಳಿಗೆ ಹೇಳಿಬಿಟ್ಟ, ಸ್ಲೈಡು ಬಿಳಿ ಬಂದದ್ದಕ್ಕೆ ಹೆದರಬೇಡ, ಅದು ಲೆಕ್ಕಕ್ಕಿಲ್ಲ ಎಂದು ಗೊತ್ತಾಗಿದೆ, ನಿನಗೂ ಕೊಡುತ್ತಾರೆ ಎಂದು. ಯಾರು ಹೇಳಿದ್ದು ಎಂದು ಅವಳು ಕೇಳಿದಳು. ಸರ್ ಎಂದ.

ಒಂದು ದಿನ ಲ್ಯಾಬಿನ ಇಲಿಗಳ ಪಂಜರಗಳನ್ನು ತೊಳೆಯುತ್ತಾ ಅವನು ನಿರೀಕ್ಷಾಳನ್ನು ಸಹಜವಾಗಿ ಎಂಬಂತೆ ಕೇಳಿದ, ಒಂದು ಇಲಿಗೆ ಎಂ-ಫೋರ್ ಎಷ್ಟು ಹಾಕುತ್ತೀರಿ, ಇಲಿಯ ತೂಕ ಎಷ್ಟಿರುತ್ತದೆ ಎಂದು. ಅವಳು ಇಲಿಯ ತೂಕ ಹೇಳಿದಳು, ಮದ್ದಿನ ಅಳತೆ ಹೇಳಲಿಲ್ಲ. ಮರುದಿನ ಅವನು ಫ್ರೀಜರಿನ ಮಂಜು ಕೆರೆಯಲು ಬಾಗಿಲು ತೆರೆದಾಗ ಎಂ-ಫೋರ್ ಇರುವ ನೀಲಿ ಡಬ್ಬಿ ಜಾಗದಲ್ಲಿರಲಿಲ್ಲ. ಅದನ್ನು ಬೀಗವಿರುವ ಫ್ರೀಜರಿಗೆ ಸಾಗಿಸಿದ್ದಳು. ಅವನು ಬಾಗಿಲು ಹಾಕಿ ಅವಳ ಕಡೆ ತಿರುಗಿದ.

“ನಾನು ಕದೀತೇನೆ ಅಂತ ಎಣಿಸಿದ್ರಾ?”

“ಹೌದು.”

ಅವನು ಕೆರೆಯುವ ಚಮಚವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ.

“ಎಣಿಸಿದ್ದು ಸರಿಯೇ,” ಎಂದು ಹೇಳಿ ಮಂಜು ಕೆರೆಯತೊಡಗಿದ. 

ಸರ್ ಮಾಡಿದ್ದರ ಫಲ ಕ್ರಿಸ್‌ಮಸ್ ರಜೆಯ ಹಿಂದಿನ ದಿನ ಬಂತು. ಬೆಳೆದ ಗುಳಿಗಳಿಂದೆಲ್ಲ ಸ್ವಲ್ಪ ಕೋಶ ತೆಗೆದು ಒಡೆದು ನೋಡಿದ್ದರು. ಹೆಚ್ಚಿನದರಲ್ಲಿ ಗೆರೆ ಇರಲಿಲ್ಲ. ಉಳಿದವಕ್ಕೆ ಎಂ-ಫೋರ್ ಹಾಕಿದ ಮೇಲೆ ಎಲ್ಲವೂ ಸತ್ತಿದ್ದವು. ಸರ್ ಗ್ಲೌಸು ತೆಗೆದು ಕಸದ ಬುಟ್ಟಿಗೆ ಹಾಕುವ ಬದಲು ಜೇಬಿಗೆ ಹಾಕಿಕೊಂಡರು. ತಮ್ಮ ಕೋಣೆಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ, ಸಂಜೆ ಹೇಮಾಕ್ಷಿಯನ್ನೂ ನಿರೀಕ್ಷಾಳನ್ನೂ ಕರೆದರು. ಬಾಗಿಲು ತೆರೆದೇ ಇತ್ತು. ಟ್ರಯಲ್ ನಿಲ್ಲಿಸಬೇಕೆಂದು, ಅದಕ್ಕೆ ಅನುಮತಿ ಕೊಟ್ಟ ಕಮಿಟಿಗೆ ತಿಳಿಸಿದ್ದೇನೆ, ಒಪ್ಪಿದ್ದಾರೆ, ಹೆಸರು ಕೊಟ್ಟವರಿಗೆಲ್ಲ ನಾಳೆ ಫೋನ್ ಮಾಡಿ ಹೇಳಿ ಎಂದರು. ಹೇಮಾಕ್ಷಿ ಏನೋ ಕೇಳಿದರು. ಒಬ್ಬರಿಗೂ ಇಲ್ಲ ಎಂದರು ಸರ್.

ಅವರಿಬ್ಬರೂ ಹೊರಗೆ ಬಂದ ಮೇಲೆ ಸುಜಿತ್ ಒಳಗೆ ಹೋದ. ಚಪ್ಪಲಿ ಬಿಡಲಿಲ್ಲ.

“ಸರ್, ಸೆವೆಂಟೀನ್ ಇಲ್ಲದಿದ್ರೂ ಮದ್ದು ಕೆಲಸ ಮಾಡ್ತದೆ ಅಂತಾಯ್ತಲ್ಲ. ಮತ್ತೆ ಎಲ್ಲರಿಗೂ ಕೊಡ್ಬೇಕು. ನಿಲ್ಲಿಸುವುದು ಯಾಕೆ?”

ಮೋಹನದಾಸ್ ಅವನಿಗೆ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ.

“ಕೊಲ್ತದೆ, ಹೌದು. ಎಂತದನ್ನು ಹಿಡಿದು ಕೊಲ್ತದೆ ಅಂತ ನನಗೆ ಗೊತ್ತಿಲ್ಲ ಮಾರಾಯ. ನಿನ್ನೆಯವರೆಗೆ ಗೊತ್ತುಂಟು ಅಂತ ಎಣಿಸಿದ್ದೆ. ಅದು ಹಿಡಿಯುವಂಥದ್ದು ನಿನ್ನ ಅಮ್ಮನ ಹೃದಯದಲ್ಲಿದ್ರೆ? ಲಿವರ್‌ನಲ್ಲಿದ್ರೆ?”

“ಇಲಿ ಸಾಯ್ಲಿಲ್ಲ.”

“ಇಲಿಯಲ್ಲಿ ನಾವು ಸೆವೆಂಟೀನ್ ಇರುವ ಜಾಗಗಳನ್ನು ಮಾತ್ರ ನೋಡಿದ್ದು. ಬೇರೆ ಎಲ್ಲಿ ಎಂತ ಆಗ್ತದೆ ಅಂತ ನೋಡ್ಲೇ ಇಲ್ಲ. ನೋಡ್ಬೇಕು ಅಂತ ಹೊಳೀಲಿಲ್ಲ.”

“ಅಮ್ಮ ಹೇಗೂ ಸಾಯ್ತಾಳೆ ಸರ್. ಹೃದಯ ಇಟ್ಟುಕೊಂಡು ಎಂತ ಮಾಡುವುದು?”

ಸರ್ ಕಿಟಕಿಯತ್ತ ತಿರುಗಿದರು. ಕಿಟಕಿಯ ಹೊರಗೆ ಆಸ್ಪತ್ರೆಯ ವಾಚ್‌ಮನ್ ಆ್ಯಂಬುಲೆನ್ಸಿಗೆ ದಾರಿ ಬಿಡಿಸಲು ಕಾರುಗಳಿಗೆ ಸೀಟಿ ಊದುತ್ತಿದ್ದ. ಎಷ್ಟು ಸಮಯ ಬೇಕು ಎಂದು ಸುಜಿತ್ ಕೇಳಿದ. ಅದು ಹಿಡಿಯುವುದು ಏನೆಂದು ಕಂಡುಹಿಡಿಯಬೇಕು, ಆಮೇಲೆ ಇಲಿ, ಆಮೇಲೆ ಮತ್ತೆ ಕಮಿಟಿ. ವರ್ಷಗಳು ಎಂದರು ಅವರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲವೋ, ಅಥವಾ ಆ ಹೊತ್ತಿಗೆ ನೆನಪಾಗಲಿಲ್ಲವೋ.

“ನಾನು ಆ ದಿನ ಬ್ಲೀಚ್ ಹಾಕಿದ್ರೆ?” ಎಂದ ಸುಜಿತ್.

“ಹಾಕಿದ್ರೆ ಬರುವ ವಾರ ಕೊಡ್ಲಿಕ್ಕೆ ಶುರು ಮಾಡ್ತಿದ್ದೆವು.”

“ಅಮ್ಮನಿಗಲ್ಲ.”

“ಅಲ್ಲ. ನಿನ್ನ ಅಮ್ಮನಿಗೆ ಆಗ್ಲೂ ಇರ್ಲಿಲ್ಲ.”

ಬಂದಾಗ ಅವನ ಬಾಯಲ್ಲಿ ಬೈಗುಳ ತುಂಬಿತ್ತು. ತುಳುವಿನಲ್ಲಿ, ಮನೆ ಮಂದಿಯನ್ನೆಲ್ಲ ಸೇರಿಸಿ ಬೈಯುವಂಥದ್ದು. ಎದುರಿಗೆ ಕೂತವರ ಬಿಳಿ ಕೋಟಿನ ಜೇಬಿನಿಂದ ಗ್ಲೌಸಿನ ಎರಡು ಬೆರಳು ಹೊರಗೆ ಇಣುಕುತ್ತಿದ್ದವು. ಅವನು ಅದನ್ನು ನೋಡುತ್ತಾ ನಿಂತ. ಬೈಗುಳ ಬಾಯಲ್ಲೇ ಉಳಿಯಿತು. ಗ್ಲೌಸು ಬುಟ್ಟಿಗೆ ಹಾಕಿ ಸರ್ ಎಂದಷ್ಟೇ ಹೇಳಿ ಹೊರಗೆ ಬಂದ.

ಮನೆಗೆ ಹೋಗುವ ಬಸ್ಸಿನಲ್ಲಿ ಜಾಗವಿರಲಿಲ್ಲ. ಹಬ್ಬದ ಪೇಟೆಯ ಚೀಲಗಳು ಕಾಲಿಗೆ ಸಿಕ್ಕುತ್ತಿದ್ದವು. ಯಾರೋ ಕಾಲು ಮೆಟ್ಟಿದ. ಕಣ್ಣು ಕಾಣುವುದಿಲ್ಲವಾ ಎಂದು ಸುಜಿತ್ ಅವನ ಅಂಗಿ ಹಿಡಿದ. ಅವನು ಇಷ್ಟಕ್ಕೆಲ್ಲ ಎಂತ ಮಾರಾಯ ಎಂದು ಗಾಬರಿಯಿಂದ ನೋಡಿದ. ಕಂಡಕ್ಟರು ಬಿಡಿಸಿದ. ಜೆಪ್ಪಿಗೆ ಇನ್ನೂ ಎರಡು ಸ್ಟಾಪ್ ಇರುವಾಗಲೇ ಸುಜಿತ್ ಇಳಿದು ನಡೆದ.

ಗುಲಾಬಿ ಶೆಡ್ಡಿನಲ್ಲೇ ಇದ್ದಳು. ರೊಟ್ಟಿಯ ದೊಡ್ಡ ಕಾವಲಿಯ ಬೆಂಕಿ ಆರಿಸಿಯಾಗಿತ್ತು. ಉಳಿದ ಹೆಂಗಸರು ಹೋಗಿಯಾಗಿತ್ತು. ಅವಳು ಮೋಟು ಗೋಡೆಗೆ ಒರಗಿ, ಊದಿದ ಕಾಲನ್ನು ಮುಂದಕ್ಕೆ ಚಾಚಿ, ಒಣಗಿದ ರೊಟ್ಟಿಗಳನ್ನು ಪ್ಯಾಕೆಟ್ಟಿಗೆ ತುಂಬುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ತಾನೂ ಒಂದು ಪ್ಯಾಕೆಟ್ಟು ತೆಗೆದುಕೊಂಡ. ಅವನು ತುಂಬಿದ ರೊಟ್ಟಿ ಮುರಿಯಿತು. ಅವಳು ಪ್ಯಾಕೆಟ್ಟನ್ನು ಅವನ ಕೈಯಿಂದ ತೆಗೆದುಕೊಂಡಳು.

“ಇಲ್ಲ ಅಂತಾಯ್ತಾ?”

“ಇಲ್ಲ. ಸರ್ ಹೇಳಿದ್ದು ಅಂತ ನಾನು ಹೇಳಿದ್ದು ಸುಳ್ಳು.”

“ಗೊತ್ತುಂಟು,” ಎಂದಳು ಗುಲಾಬಿ. “ಡಾಕ್ಟ್ರು ಎಲ್ಲಾದ್ರೂ ಬಾಟಲಿ ತೊಳೆಯುವವನ ಹತ್ರ ಹೇಳಿ ಕಳಿಸ್ತಾರಾ?”

ಅವನು ಇದ್ದದ್ದನ್ನೆಲ್ಲ ಹೇಳಿದ. ತಟ್ಟೆ ಬಿಸಾಡದ್ದು, ಗೆರೆ ಬೀಳದ್ದು, ಮದ್ದು ಹಿಡಿಯುವುದು ಎಂತದ್ದನ್ನೆಂದು ಮಾಡಿದವರಿಗೇ ಗೊತ್ತಿಲ್ಲದ್ದು. ನೀಲಿ ಡಬ್ಬಿಯನ್ನು ಬೀಗದೊಳಗೆ ಇಟ್ಟದ್ದನ್ನೂ ಹೇಳಿದ. ಅವಳು ಎಷ್ಟು ತಿಳಿದುಕೊಂಡಳೋ ಗೊತ್ತಾಗಲಿಲ್ಲ. ಪ್ಯಾಕೆಟ್ಟಿನ ಬಾಯಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸಿ ಬದಿಗಿಟ್ಟಳು. ಆಮೇಲೆ ಕೇಳಿದಳು:

“ಆ ಕೂಳೂರಿನವಳಿಗೆ ಕೊಡ್ತಾರಲ್ಲ?”

“ಅವಳಿಗೂ ಇಲ್ಲ. ಯಾರಿಗೂ ಇಲ್ಲ.”

ಗುಲಾಬಿಯ ಕೈ ನಿಂತಿತು. ಮುಮ್ತಾಝ್ ಅಡ್ಮಿಟ್ ಆಗಲಿಕ್ಕೆ ಹೊಸ ಬ್ಯಾಗು ತೆಗೆದಿದ್ದಾಳೆ, ಮಗ ದುಬಾಯಿಯಿಂದ ಟಿಕೆಟ್ ಮಾಡಿದ್ದಾನೆ, ಮೊನ್ನೆ ಫೋನಿನಲ್ಲಿ ಹೇಳಿದಳು ಎಂದಳು. ಅವರಿಬ್ಬರೂ ನಂಬರು ಬದಲಾಯಿಸಿಕೊಂಡದ್ದು ಸುಜಿತ್‌ಗೆ ಗೊತ್ತಿರಲಿಲ್ಲ.

“ಫೋನ್ ಮಾಡಿ ಕೊಡು.”

“ನಾಳೆ ಆಸ್ಪತ್ರೆಯವರೇ ಹೇಳ್ತಾರೆ ಅಮ್ಮ. ನಮಗ್ಯಾಕೆ?”

“ಅವರು ಹೇಳುವುದು ಬೇರೆ. ನೀನು ಮಾಡು.”

ಅವನು ಅವಳ ಫೋನಿನಲ್ಲಿ ಆ ಹೆಸರು ಹುಡುಕಿ ಒತ್ತಿ, ಅವಳ ಹಿಟ್ಟಾದ ಕೈಗೆ ತಾಗದಂತೆ ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿದ. ಆ ಕಡೆಯಿಂದ ಅದೇ ಗಟ್ಟಿ ದನಿ ಬಂತು, ಹಿಂದೆ ಕುಕ್ಕರಿನ ಸೀಟಿ, ಮಕ್ಕಳ ಗಲಾಟೆ. ಗುಲಾಬಿ ಊಟ ಆಯ್ತಾ ಎಂದು ಕೇಳಿದಳು. ಕಾಲು ನೋವು ಹೇಗುಂಟು ಎಂದು ಕೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ, ನಿಧಾನವಾಗಿ, ಸುಜಿತ್ ಹೇಳಿದ್ದರಲ್ಲಿ ತನಗೆ ತಿಳಿದಷ್ಟನ್ನು ಹೇಳಿದಳು. ಗಟ್ಟಿ ದನಿ ಒಮ್ಮೆ ಏನೋ ಕೇಳಿತು. ಗುಲಾಬಿ ಹೌದು ಎಂದಳು. ಮತ್ತೆ ಕೇಳಿತು. ನನಗೂ ಇಲ್ಲ ಮಾರಾಯ್ತಿ ಎಂದಳು.

ಮತ್ತೆ ಮಾತು ಬರಲಿಲ್ಲ. ಆ ಕಡೆ ಯಾರೋ ಕುಕ್ಕರು ಇಳಿಸಿದರು, ಮಕ್ಕಳನ್ನು ಗದರಿಸಿ ಹೊರಗೆ ಕಳಿಸಿದರು, ಬಾಗಿಲು ಹಾಕಿದ ಸದ್ದಾಯಿತು. ಕಟ್ ಆಯಿತೆಂದು ಸುಜಿತ್ ಫೋನ್ ತೆಗೆಯಲು ಕೈಚಾಚಿದ. ಗುಲಾಬಿ ಬೇಡವೆಂದು ಕಣ್ಣಲ್ಲೇ ಹೇಳಿದಳು. ಅವಳ ಕೆನ್ನೆಯ ಪಕ್ಕ ಪರದೆ ಇನ್ನೂ ಉರಿಯುತ್ತಿತ್ತು, ಅದರಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಅವಳು ಕತ್ತು ಓರೆ ಮಾಡಿಕೊಂಡೇ ಇನ್ನೊಂದು ಪ್ಯಾಕೆಟ್ಟು ಬಿಡಿಸಿ, ಸದ್ದಾಗದ ಹಾಗೆ ಒಂದೊಂದೇ ರೊಟ್ಟಿಯನ್ನು ಒಳಗೆ ಇಳಿಸತೊಡಗಿದಳು.